ವಿದ್ಯಾದಾನದ ಲೆಕ್ಕ

ವಿದ್ಯೆಯನ್ನು ಮಾರಬಾರದು ಎಂಬ ಮಾತನ್ನು ನಾವೆಲ್ಲ ಕೇಳಿಕೊಂಡೇ ಬೆಳೆದವರು. ಮಾತೇನೋ ದೊಡ್ಡದೇ. ಆದರೆ ಅದನ್ನು ಯಾರು, ಯಾರಿಗೆ, ಯಾವಾಗ ಹೇಳುತ್ತಾರೆ ಎಂಬುದನ್ನು ಗಮನಿಸಿದ್ದೀರಾ? ಎಸ್ಸೆಸ್ಸೆಲ್ಸಿ ಗಣಿತಕ್ಕೆ ಟ್ಯೂಷನ್ ಹೇಳುವ ಮೇಷ್ಟರ ಮುಂದೆ ಯಾರೂ ಹೇಳುವುದಿಲ್ಲ. ಅಲ್ಲಿ ಮುಂಗಡ ಕೊಟ್ಟು ಬರುತ್ತೇವೆ. ಸಂಜೆಹೊತ್ತು ನಡುಮನೆಯಲ್ಲಿ ಚಾಪೆ ಹಾಸಿ, ಶ್ರುತಿಪೆಟ್ಟಿಗೆ ಇಟ್ಟುಕೊಂಡು ಮಕ್ಕಳಿಗೆ ಸರಳೆ ವರಸೆ ಹೇಳಿಕೊಡುವ ಹೆಂಗಸಿನ ಮುಂದೆ ಮಾತ್ರ ನಮಗೆ ಇದು ನೆನಪಾಗುತ್ತದೆ. “ಸರಸ್ವತೀನ ದುಡ್ಡಲ್ಲಿ ಅಳೆಯೋಕಾಗುತ್ತಾ ಟೀಚರ್?” ಎಂದು ನಗುತ್ತಾ, ಹೋದ ತಿಂಗಳ ಫೀಸನ್ನು ಬರುವ ತಿಂಗಳಿಗೆ ತಳ್ಳುತ್ತೇವೆ.

ಕಡೂರಿನಲ್ಲಿ ನನಗೆ ಪರಿಚಯದ ಸಂಗೀತದ ಟೀಚರೊಬ್ಬರಿದ್ದಾರೆ. ವಿದ್ವತ್ ಮುಗಿಸಿದವರು. ರಾಮನವಮಿ, ಗಣೇಶೋತ್ಸವಗಳಲ್ಲಿ ಕಛೇರಿ ಮಾಡುತ್ತಾರೆ. ವಾರಕ್ಕೆರಡು ದಿನ ತರೀಕೆರೆಗೂ ಒಂದು ದಿನ ಅಜ್ಜಂಪುರಕ್ಕೂ ಪಾಠಕ್ಕೆ ಹೋಗುತ್ತಾರೆ. ಮೂರು ಊರೂ ಹತ್ತಿರವೇ ಅನ್ನಿ. ಆದರೆ ಬೀರೂರು ದಾಟಿದ ಮೇಲೆ ರೈಲುಹಳಿ ಕವಲಾಗಿ, ಒಂದು ಶಿವಮೊಗ್ಗದ ಕಡೆಗೆ ತರೀಕೆರೆಯ ಮೇಲೆ, ಇನ್ನೊಂದು ಹುಬ್ಬಳ್ಳಿಯ ಕಡೆಗೆ ಅಜ್ಜಂಪುರದ ಮೇಲೆ ಹೋಗುತ್ತದೆ. ಒಂದೇ ಸಂಜೆ ಎರಡೂ ಊರು ಮುಗಿಸುವಂತಿಲ್ಲ. ತರೀಕೆರೆಯಲ್ಲಿ “ಅಡಿಕೆ ಕೊಯ್ಲಾಗಲಿ ಟೀಚರ್” ಎನ್ನುತ್ತಾರಂತೆ, ಅಜ್ಜಂಪುರದಲ್ಲಿ “ಈರುಳ್ಳಿಗೆ ರೇಟು ಬರಲಿ” ಎನ್ನುತ್ತಾರಂತೆ. “ನಾನು ವಿದ್ಯಾದಾನಕ್ಕೆ ಹೊರಟಿದೀನಪ್ಪಾ ಅಂದ್ರೆ ಬಸ್ಸಿನ ಕಂಡಕ್ಟರು ಟಿಕೆಟ್ ಬಿಡ್ತಾನಾ, ನೀವೇ ಹೇಳಿ” ಎಂದು ಅವರು ಒಮ್ಮೆ ಕೇಳಿದರು. ನಗುತ್ತಲೇ ಕೇಳಿದರು. ನನಗೆ ಮಾತ್ರ ಆ ಪ್ರಶ್ನೆ ನಗೆಯದಾಗಿ ಕಾಣಲಿಲ್ಲ.

ಹಾಡುವುದಕ್ಕೂ ಹಾಡು ಕಲಿಸುವುದಕ್ಕೂ ಒಂದೇ ಗಂಟಲು ಎಂಬುದು ನಮಗೆ ಹೊಳೆಯುವುದಿಲ್ಲ. ಹೆಂಗಸರು ಸುಮ್ಮನೆ ಮಾತನಾಡುವಾಗಲೇ ಗಂಟಲೊಳಗಿನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಕಂಪಿಸುತ್ತವೆ. ತಾರಸ್ಥಾಯಿಗೆ ಏರಿದರೆ ಅದರ ಎರಡರಷ್ಟು. ಮಾಯಾಮಾಳವಗೌಳದ ಅದೇ ವರಸೆಯನ್ನು ಮೂರು ಕಾಲದಲ್ಲಿ, ಹತ್ತು ಮಕ್ಕಳ ಕಿರುಚಾಟದ ಮೇಲೆ, ದಿನಕ್ಕೆ ಮೂರು ಗಂಟೆ ಹಾಡಿ ತೋರಿಸಬೇಕು. ಹದಿಮೂರು ಹದಿನಾಲ್ಕರಲ್ಲಿ ಹುಡುಗರ ದನಿ ಒಡೆದರೆ ಅವರಿಗಾಗಿ ಶ್ರುತಿ ಇಳಿಸಿ, ತನಗೆ ಒಗ್ಗದ ಮಂದ್ರದಲ್ಲಿ ಹಾಡಬೇಕು. ಇಷ್ಟಾದ ಮೇಲೆ ತನ್ನ ಸಾಧನೆಗೆ ಉಳಿಯುವ ದನಿಯೆಷ್ಟು? ಕಛೇರಿಯ ಹಿಂದಿನ ದಿನ ಗಂಟಲಿಗೆ ವಿಶ್ರಾಂತಿ ಬೇಕು. ಪಾಠ ನಿಲ್ಲಿಸಿದರೆ “ಈ ತಿಂಗಳು ಒಂದು ಕ್ಲಾಸ್ ತಪ್ಪಿತು” ಎಂದು ಲೆಕ್ಕ ಹಿಡಿಯುವವರು ನಾವೇ.

ಹಿಂದಿನವರು ದುಡ್ಡಿಗಾಗಿ ಕಲಿಸಿದರೇ ಎಂದು ಕೇಳುವವರಿದ್ದಾರೆ. ಕೇಳಲಿ, ಹಿಂದಿನವರನ್ನೇ ನೋಡೋಣ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ, 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳೂ, ಕಣ್ಣಿಲ್ಲದ, ಬಡತನದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಒಂದು ಕಾಸು ಕೇಳಲಿಲ್ಲ. ಆದರೆ ಆ ಅನ್ನ ಆಕಾಶದಿಂದ ಬೀಳಲಿಲ್ಲ. ನಾಟಕ ಕಂಪನಿಯ ಗಳಿಕೆಯಿಂದ, ಭಕ್ತರ ಜೋಳಿಗೆಯಿಂದ ಬಂತು. ರುದ್ರಪಟ್ಟಣದ ಆರ್.ಕೆ. ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಹಾಡಿದರು, ಕಲಿಸಿದರು. ಅವರ ಬೆನ್ನಿಗೆ ಬಹುಕಾಲ ಆಕಾಶವಾಣಿಯ ಸಂಬಳವಿತ್ತು.

ನಮ್ಮ ಕಡೂರಿನವರೇ ಆದ ವೆಂಕಟಲಕ್ಷಮ್ಮನವರನ್ನು ನೆನೆಯಿರಿ. 1906ರಲ್ಲಿ ತಂಗಲಿ ತಾಂಡ್ಯದ ಲಂಬಾಣಿ ಮನೆಯಲ್ಲಿ ಹುಟ್ಟಿದವರು. ಜಟ್ಟಿ ತಾಯಮ್ಮನವರಲ್ಲಿ ನೃತ್ಯ, ಬಿ. ದೇವೇಂದ್ರಪ್ಪನವರಲ್ಲಿ ಸಂಗೀತ ಕಲಿತು, 1939ರಲ್ಲಿ ಮೈಸೂರಿನ ಆಸ್ಥಾನ ವಿದುಷಿಯಾದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1965ರಲ್ಲಿ ನೃತ್ಯದ ರೀಡರ್ ಆದಾಗ ಅವರಿಗೆ ಅರವತ್ತು ಹತ್ತಿರವಾಗಿತ್ತು. ಅರಮನೆಯ ಒಳಗಿದ್ದ ಕಲೆ ಹೀಗೆ ಊರಿನ ಹೆಣ್ಣುಮಕ್ಕಳಿಗೆ ಸಿಕ್ಕಿತು. 1992ರಲ್ಲಿ ಪದ್ಮಭೂಷಣವೂ ಬಂತು. ಅವರೂ ಧಾರಾಳವಾಗಿ ಕಲಿಸಿದವರೇ. ಮೊದಲು ಅರಮನೆ ಕೊಟ್ಟಿತು, ಆಮೇಲೆ ವಿಶ್ವವಿದ್ಯಾನಿಲಯ ಕೊಟ್ಟಿತು.

ಕೊಡುವವರು ಯಾರೂ ಇಲ್ಲದ ಕಡೆ ಏನಾಗುತ್ತದೆ? ಮನೆಯ ಹೆಂಗಸು ಕೊಡುತ್ತಾಳೆ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತ ಗಂಗೂಬಾಯಿ ಹಾನಗಲ್ ಅವರ ಕಥೆ ನಿಮಗೆ ಗೊತ್ತು. ಅವರ ತಾಯಿ ಅಂಬಾಬಾಯಿಯವರ ಕಥೆ ಅಷ್ಟು ಗೊತ್ತಿಲ್ಲ. ಅವರು ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮಗಳ ಹಿಂದೂಸ್ತಾನಿ ಗಾಯನಕ್ಕೆ ತನ್ನ ಸಂಗೀತ ತೊಡಕಾಗಬಾರದೆಂದು ಹಾಡುವುದನ್ನೇ ಬಿಟ್ಟರು. ಇಂದು ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಮಗಳ ಹೆಸರಿದೆ, ಬಹಳ ಸಂತೋಷ. ಆ ತಾಯಿ ತೆತ್ತ ಬೆಲೆಯನ್ನು ಯಾವ ಪುಸ್ತಕದಲ್ಲಿ ಬರೆದಿಡೋಣ? ಒಂದು ಮಾತು ನಿಜ: ಆಕೆ ತಾನಾಗಿ ಬಿಟ್ಟರು. ಬಿಡು ಎಂದು ಬೇರೆಯವರು ಹೇಳಿದ್ದರೆ ಅದನ್ನು ತ್ಯಾಗ ಎನ್ನುತ್ತಿದ್ದೆವೇ?

ಹಳೆಯ ಸುಭಾಷಿತವೊಂದು ವಿದ್ಯೆ ಪಡೆಯಲು ಮೂರೇ ದಾರಿ ತೋರಿಸುತ್ತದೆ: ಗುರುವಿನ ಸೇವೆ, ಧಾರಾಳವಾದ ಹಣ, ಇಲ್ಲವೇ ವಿದ್ಯೆಗೆ ವಿದ್ಯೆ. ಗುರುವಿನ ಮನೆಯಲ್ಲಿ ನೀರು ಹೊತ್ತವರಿದ್ದಾರೆ, ಪಾತ್ರೆ ಬೆಳಗಿದವರಿದ್ದಾರೆ. ನಾವು ನಮ್ಮ ಮಕ್ಕಳನ್ನು ಟೀಚರ್ ಮನೆಯ ಕಸ ಗುಡಿಸಲು ಕಳಿಸುವುದಿಲ್ಲ, ಕಳಿಸಲೂ ಬೇಡ. ಹಾಗಾದರೆ ಉಳಿದದ್ದು ಹಣದ ದಾರಿ. ಅದನ್ನೂ ಬಿಟ್ಟು ಸುಮ್ಮನೆ ಪಡೆಯುವ ದಾರಿಯೊಂದನ್ನು ನಮ್ಮ ಹಿರಿಯರು ಹೇಳಿದ ಹಾಗಿಲ್ಲ.

ಎಲ್ಲವನ್ನೂ ಗಂಟೆಯ ಲೆಕ್ಕಕ್ಕೆ ತಂದುಬಿಡೋಣವೆಂದು ನಾನು ಹೇಳುತ್ತಿಲ್ಲ. ಪಶ್ಚಿಮದ ದೇಶಗಳಲ್ಲಿ ಟೆನರ್ ಎಂದು ಕರೆಯುವ ಎತ್ತರದ ಗಂಡುದನಿಯ ಗಾಯಕರು ಒಂದು ಕಡೆ ವೇದಿಕೆ, ಇನ್ನೊಂದು ಕಡೆ ಪಾಠ ಎಂದು ಬದುಕು ನಡೆಸುತ್ತಾರೆ. ಪಾಠಕ್ಕೆ ಗಂಟೆಗಿಷ್ಟು ಎಂದು ಹೇಳಲು ಸಂಕೋಚಪಡುವುದಿಲ್ಲ. ಅದರಲ್ಲೊಂದು ಮರ್ಯಾದೆಯಿದೆ. ಆದರೆ ಕೊಡಲಾಗದ ಮಗು ಬಾಗಿಲ ಹೊರಗೇ ನಿಲ್ಲಬೇಕಾಗಬಹುದು. ಗದುಗಿನ ಆಶ್ರಮ ಎಷ್ಟು ದೊಡ್ಡದೆಂದು ತಿಳಿಯುವುದು ಅಂಥ ಮಗುವನ್ನು ಕಂಡಾಗಲೇ.

ನಮ್ಮ ಕಡೂರಿನ ಟೀಚರ್ ಹತ್ತಿರ ಕಲಿಯುವವರಲ್ಲಿ ಹೂ ಕಟ್ಟಿ ಮಾರುವವರ ಮಗಳೊಬ್ಬಳಿದ್ದಾಳೆ. ಅವಳಿಂದ ಫೀಸಿಲ್ಲ. ಇದನ್ನು ಅವರು ನನಗೆ ಹೇಳಲಿಲ್ಲ, ಆ ಹುಡುಗಿಯ ತಾಯಿಯೇ ಹೇಳಿದರು. ವಾರಕ್ಕೊಮ್ಮೆ ಒಂದು ಮೊಳ ಮಲ್ಲಿಗೆ ತಂದಿಟ್ಟು ಹೋಗುತ್ತಾರಂತೆ. ಬೇಡವೆಂದರೂ ಕೇಳುವುದಿಲ್ಲವಂತೆ. ದುಡ್ಡಿದ್ದ ನಾವು ಮುಂದೂಡಿದ್ದನ್ನು ದುಡ್ಡಿಲ್ಲದ ಆಕೆ ತೀರಿಸುತ್ತಿದ್ದಾರೆ ಅನ್ನಿಸಿತು.

ದಾನ ಎಂಬ ಮಾತು ಕೊಡುವವರ ಬಾಯಲ್ಲಿ ಕೂಡ ಬರಬಾರದು ಎಂದು ತಿಳಿದವರು ಹೇಳುತ್ತಾರೆ. ಪಡೆಯುವವರ ಬಾಯಲ್ಲಂತೂ ಅದು ಸಾಲ ತೀರಿಸದಿರುವ ನೆವವಷ್ಟೇ. ತಿಂಗಳ ಮೊದಲ ದಿನ ಫೀಸನ್ನು ಲಕೋಟೆಯಲ್ಲಿಟ್ಟು ಮಗುವಿನ ಕೈಯಲ್ಲಿ ಕೊಟ್ಟು ಕಳಿಸಿ. ಟೀಚರ್ ಅದನ್ನು ಇಟ್ಟುಕೊಳ್ಳಲಿ, ಇನ್ನೊಂದು ಮಗುವಿಗೆ ಖರ್ಚು ಮಾಡಲಿ, ನಾಳೆಯ ಕಛೇರಿಗೆಂದು ಒಂದು ದಿನ ಬಾಗಿಲು ಹಾಕಿ ತಮಗಾಗಿ ಹಾಡಿಕೊಳ್ಳಲಿ. ದಾನ ಮಾಡುವುದೋ ಬಿಡುವುದೋ, ಅದು ಅವರಿಗೆ ಬಿಟ್ಟದ್ದು.