ಶಿಷ್ಯೆಯ ‘ಬೇಡ’ ಎಂಬ ಮಾತು

ಜಿಮ್ನಾಸ್ಟಿಕ್ಸ್ ನಮ್ಮ ನಾಡಿನಲ್ಲಿ ಬಹುಮಂದಿ ನೋಡುವ ಕ್ರೀಡೆಯಲ್ಲ. ಒಲಿಂಪಿಕ್ಸ್ ಬಂದಾಗ ದೂರದರ್ಶನದಲ್ಲಿ ಹುಡುಗಿಯೊಬ್ಬಳು ಗಾಳಿಯಲ್ಲಿ ಸುರುಳಿ ಸುತ್ತಿ ನೆಲಕ್ಕಿಳಿಯುವುದನ್ನು ಕಂಡು ಬೆರಗಾಗುತ್ತೇವೆ, ಮರುದಿನ ಮರೆಯುತ್ತೇವೆ. ಆ ಕೆಲವು ಕ್ಷಣಗಳ ಹಿಂದೆ ಹಲವು ವರ್ಷಗಳ ಸಾಧನೆಯಿದೆ. ಐದಾರು ವರ್ಷದ ಎಳೆಯ ಪ್ರಾಯದಲ್ಲಿಯೇ ಮಗು ತರಬೇತುದಾರರ ಕೈ ಸೇರುತ್ತದೆ. ಎಷ್ಟು ಹೊತ್ತು ದುಡಿಯಬೇಕು, ಏನನ್ನು ಉಣ್ಣಬೇಕು, ಯಾವ ನೋವನ್ನು ಸಹಿಸಬೇಕು ಎಂಬುದು ಬಹುಮಟ್ಟಿಗೆ ಅವರ ಮಾತಿನಂತೆಯೇ ನಡೆಯುತ್ತದೆ. ಇಲ್ಲಿ ಒಂದು ನೈತಿಕ ಪ್ರಶ್ನೆ ಏಳುತ್ತದೆ: ಮತ್ತೊಬ್ಬರ ದೇಹವನ್ನು ಶ್ರೇಷ್ಠತೆಯ ಕಡೆಗೆ ನಡೆಸುವ ಗುರುವಿನ ಅಧಿಕಾರ ಎಲ್ಲಿಯವರೆಗೆ?

ಶಿಸ್ತಿಲ್ಲದೆ ಸಾಧನೆಯಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳೋಣ. ಕಠಿಣವಾದ ಯಾವ ಲಾಗವನ್ನೂ ಯಾರೂ ಒಮ್ಮೆಲೇ ಕಲಿಯುವುದಿಲ್ಲ. ಮೊದಲು ಸ್ಪಂಜು ತುಂಬಿದ ಗುಂಡಿಗೆ ಹಾರಬೇಕು, ಅನಂತರ ದಪ್ಪನೆಯ ಹಾಸಿನ ಮೇಲೆ, ಬೆನ್ನಿಗೆ ಗುರುವಿನ ಕೈ ಆಸರೆಯಾಗಿರುವಂತೆ, ಕೊನೆಗೆ ಒಬ್ಬಳೇ. ಪ್ರತಿ ಹಂತದಲ್ಲಿಯೂ ಭಯ ಅಡ್ಡ ನಿಲ್ಲುತ್ತದೆ. ಈ ಭಯ ಎರಡು ಬಗೆಯದು. ಒಂದು, ಅರಿಯದುದರ ಭಯ. ಅಭ್ಯಾಸದಿಂದ ಅದು ಕರಗುತ್ತದೆ. ಇನ್ನೊಂದು, ‘ನಾನಿನ್ನೂ ಸಿದ್ಧವಾಗಿಲ್ಲ’ ಎಂದು ದೇಹವೇ ನುಡಿಯುವ ಸಾಕ್ಷ್ಯ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಮೊದಲನೆಯದನ್ನು ಮೀರಿಸುವುದು ಗುರುವಿನ ಕರ್ತವ್ಯ. ಎರಡನೆಯದನ್ನು ತುಳಿಯುವುದು ಅಪರಾಧ.

ಸೋವಿಯತ್ ಒಕ್ಕೂಟದ ಎಲೆನಾ ಮುಖಿನಾ 1978ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ವಿಶ್ವ ಚಾಂಪಿಯನ್ ಆದಳು. ಮರುವರ್ಷ ಆಕೆಯ ಕಾಲು ಮುರಿಯಿತು. 1980ರ ಒಲಿಂಪಿಕ್ಸ್ ಮಾಸ್ಕೋದಲ್ಲಿಯೇ ನಡೆಯಲಿತ್ತು. ದೇಶದ ಪ್ರತಿಷ್ಠೆಯ ಪ್ರಶ್ನೆ. ಕಾಲು ಪೂರ್ತಿ ಗುಣವಾಗುವ ಮೊದಲೇ ಆಕೆ ಅಭ್ಯಾಸಕ್ಕೆ ಮರಳಬೇಕಾಯಿತು. ಆಗ ಆಕೆಗೆ ಕಲಿಸುತ್ತಿದ್ದುದು ‘ಥಾಮಸ್ ಸಾಲ್ಟೊ’ ಎಂಬ, ಪುರುಷರ ಸ್ಪರ್ಧೆಯಿಂದ ಬಂದ ಅಪಾಯಕಾರಿ ಲಾಗ. ಇದನ್ನು ಮಾಡಿದರೆ ನನ್ನ ಕತ್ತು ಮುರಿಯುತ್ತದೆ ಎಂದು ಆಕೆ ತರಬೇತುದಾರರಿಗೆ ಹೇಳಿದ್ದುಂಟು. ಆ ಮಾತಿಗೆ ಬೆಲೆ ಸಿಗಲಿಲ್ಲ. ಕ್ರೀಡಾಕೂಟಕ್ಕೆ 16 ದಿನಗಳಿರುವಾಗ, ಜುಲೈ 3ರಂದು, ಮಿನ್ಸ್ಕ್ ನಗರದಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಗಲ್ಲ ನೆಲಕ್ಕೆ ಬಡಿದು ಕತ್ತು ಮುರಿಯಿತು. ಆಗ ಆಕೆಗೆ 20 ವರ್ಷ. ಕೈಕಾಲುಗಳ ಸ್ವಾಧೀನವಿಲ್ಲದೆ 26 ವರ್ಷ ಬದುಕಿ, 2006ರಲ್ಲಿ ತೀರಿಕೊಂಡಳು. ಬಿದ್ದ ಕ್ಷಣದಲ್ಲಿ ತನಗೆ ತೋಚಿದ್ದು ‘ಇನ್ನು ಒಲಿಂಪಿಕ್ಸ್‌ಗೆ ಹೋಗಬೇಕಾಗಿಲ್ಲ’ ಎಂಬ ನೆಮ್ಮದಿ ಎಂದು ಆಕೆ ಮುಂದೆ ಹೇಳಿಕೊಂಡಳು. ಎಂತಹ ಭಯಂಕರ ನೆಮ್ಮದಿ! ಬಾಯಿಯಿಂದ ಹೊರಟ ‘ಬೇಡ’ವನ್ನು ಯಾರೂ ಕೇಳದಿದ್ದಾಗ ದೇಹವೇ ಮುರಿದು ಅದನ್ನು ನುಡಿಯಬೇಕಾಯಿತು. ಆ ಲಾಗವನ್ನು ಮುಂದೆ ಮಹಿಳೆಯರ ಸ್ಪರ್ಧೆಯಿಂದ ನಿಷೇಧಿಸಲಾಯಿತು.

ಈಗ ನಮ್ಮ ದೇಶದ ಕಡೆಗೆ ಬರೋಣ. ಅಗರ್ತಲಾದ ದೀಪಾ ಕರ್ಮಾಕರ್ ಚಪ್ಪಟೆ ಪಾದಗಳ ಹುಡುಗಿ. ಈ ಕ್ರೀಡೆಗೆ ಅದೊಂದು ದೊಡ್ಡ ಕೊರತೆ. ಬಿಶ್ವೇಶ್ವರ್ ನಂದಿಯವರ ಬಳಿ ವರ್ಷಗಟ್ಟಲೆ ಪಳಗಿ, 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದರು. 2016ರಲ್ಲಿ ರಿಯೋಗೆ ಹೋಗಿ, ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ಭಾರತದ ಮೊದಲ ಜಿಮ್ನಾಸ್ಟ್ ಮಹಿಳೆಯಾದರು. ಅಲ್ಲಿ ಆಯ್ದುಕೊಂಡದ್ದು ‘ಪ್ರೊಡುನೋವಾ’ ಎಂಬ ವಾಲ್ಟ್. ಮೇಜಿನ ಮೇಲೆ ಕೈಯೂರಿ ಚಿಮ್ಮಿ, ಮುಂದಕ್ಕೆ ಎರಡು ಲಾಗ ಹಾಕಿ ಇಳಿಯಬೇಕು. ಲೆಕ್ಕ ಸ್ವಲ್ಪ ತಪ್ಪಿದರೂ ಕತ್ತಿಗೇ ಅಪಾಯ. ಕೇವಲ 0.15 ಅಂಕದಿಂದ ಕಂಚು ತಪ್ಪಿ ನಾಲ್ಕನೆಯ ಸ್ಥಾನ ಬಂದಿತು. 2017ರಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. 2024ರ ಅಕ್ಟೋಬರ್‌ನಲ್ಲಿ ನಿವೃತ್ತರಾದರು.

‘ಅಪಾಯ ಎರಡೂ ಕಡೆ ಒಂದೇ ಅಲ್ಲವೇ? ಒಬ್ಬಳು ಬಿದ್ದಳು, ಒಬ್ಬಳು ಬದುಕಿದಳು, ಅಷ್ಟೇ’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕ್ಷೇಮವಾಗಿ ಇಳಿದ ಮಾತ್ರಕ್ಕೆ ತರಬೇತಿ ನೈತಿಕವಾಗುವುದಿಲ್ಲ. ಬಿದ್ದ ಮಾತ್ರಕ್ಕೆ ಅನೈತಿಕವೂ ಆಗುವುದಿಲ್ಲ. ಅಪಾಯದ ಪ್ರಮಾಣಕ್ಕಿಂತ ಮಿಗಿಲಾಗಿ, ಹಾರುವವಳಿಗೆ ಹಾರದಿರುವ ಸ್ವಾತಂತ್ರ್ಯವಿತ್ತೇ ಎಂಬುದನ್ನು ನಾವು ಕೇಳಬೇಕು. 2021ರ ಜುಲೈ 27ರಂದು ಟೋಕಿಯೊದಲ್ಲಿ ಅಮೆರಿಕದ ಸಿಮೋನ್ ಬೈಲ್ಸ್, ಗಾಳಿಯಲ್ಲಿ ತನ್ನ ದೇಹ ಎಲ್ಲಿದೆ ಎಂಬ ಅರಿವೇ ತಪ್ಪುತ್ತಿದೆಯೆಂದು ಕಂಡು, ತಂಡದ ಅಂತಿಮ ಸ್ಪರ್ಧೆಯ ನಡುವೆಯೇ ಹಿಂದೆ ಸರಿದರು. ಹೇಡಿಯೆಂದು ಹಳಿದವರಿದ್ದರು. ಅದೇ ಬೈಲ್ಸ್ 2024ರಲ್ಲಿ ಪ್ಯಾರಿಸ್‌ನಲ್ಲಿ ಮೂರು ಚಿನ್ನ ಗೆದ್ದರು. ಚಿನ್ನ ಬಾರದಿದ್ದರೂ ಅಂದಿನ ನಿರ್ಧಾರ ಸರಿಯೇ ಆಗಿರುತ್ತಿತ್ತು.

ಹಾಗಾದರೆ ಮಗುವಿನ ಪ್ರತಿಯೊಂದು ‘ಬೇಡ’ಕ್ಕೂ ಮಣಿಯಬೇಕೇ? ಇಲ್ಲ. ಬೆಳಗಿನ ಜಾವ ಏಳಲು ಯಾವ ಮಗುವೂ ಒಲ್ಲೆ ಎನ್ನುತ್ತದೆ. ಆಲಿಸುವುದೆಂದರೆ ಮಣಿಯುವುದಲ್ಲ, ಇದು ಯಾವ ಬಗೆಯ ಭಯವೆಂದು ವಿಚಾರಿಸುವುದು, ಬೇಕಾದರೆ ಒಂದು ಹಂತ ಹಿಂದಕ್ಕೆ ಹೋಗುವುದು, ‘ಬೇಡ’ ಎಂದದ್ದಕ್ಕೆ ಅವಮಾನವನ್ನಾಗಲಿ ಶಿಕ್ಷೆಯನ್ನಾಗಲಿ ವಿಧಿಸದಿರುವುದು. ಹಿರಿಯರ ವಿಭಾಗದಲ್ಲಿ ಸ್ಪರ್ಧಿಸಲು 16 ವರ್ಷ ತುಂಬಬೇಕೆಂಬ ನಿಯಮ 1997ರಿಂದ ಜಾರಿಯಲ್ಲಿದೆ. ಒಪ್ಪಿಗೆ ಕೊಡಲು ಒಂದು ಪ್ರಾಯ ಬೇಕೆಂಬ ಅರಿವು ಅದರಲ್ಲಿದೆ. ಆದರೆ ತರಬೇತಿ ಅದಕ್ಕಿಂತ ಹತ್ತು ವರ್ಷ ಮೊದಲೇ ಶುರುವಾಗಿರುತ್ತದೆ. ಆ ಹತ್ತು ವರ್ಷಗಳ ಕಾವಲು ತಂದೆತಾಯಿಯರದು.

ತಪಶ್ಚರ್ಯೆಗೆ ನಮ್ಮ ಧರ್ಮಸಭೆಯ ಪರಂಪರೆಯಲ್ಲಿ ಬಳಕೆಯಾದ ‘ಅಸ್ಕೇಸಿಸ್’ ಎಂಬ ಗ್ರೀಕ್ ಪದ ಮೊದಲು ಕ್ರೀಡಾಪಟುವಿನ ಅಭ್ಯಾಸಕ್ಕೆ ಸಂಬಂಧಿಸಿದ್ದು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಓಟಗಾರರನ್ನೂ ಮಲ್ಲರನ್ನೂ ನೆನೆದು ದೇಹದಂಡನೆಯ ಮಾತನ್ನಾಡುತ್ತಾರೆ. ಅವರು ದಂಡಿಸುವುದು ತಮ್ಮ ದೇಹವನ್ನು; ಮತ್ತೊಬ್ಬರ ದೇಹವನ್ನಲ್ಲ. ಸ್ವಂತ ಇಚ್ಛೆಯಿಂದ ಕೈಗೊಂಡ ಕಷ್ಟ ತಪಸ್ಸು. ಬೇರೆಯವರ ಕೀರ್ತಿಗಾಗಿ ಹೇರಲ್ಪಟ್ಟ ಅದೇ ಕಷ್ಟ ಬಲಿ.

ಭಾರತ ಸರ್ಕಾರ ತರಬೇತುದಾರರಿಗೆ 1985ರಿಂದ ನೀಡುತ್ತಿರುವ ಪ್ರಶಸ್ತಿಗೆ ದ್ರೋಣಾಚಾರ್ಯರ ಹೆಸರಿದೆ. ನಂದಿಯವರಿಗೆ ಅದು 2016ರಲ್ಲಿ ಸಂದಿತು. ದ್ರೋಣರೆಂದರೆ ಅರ್ಜುನನ ಗುರುವಷ್ಟೇ ಅಲ್ಲ, ಏಕಲವ್ಯನ ಹೆಬ್ಬೆರಳನ್ನು ಕೇಳಿ ಪಡೆದವರೂ ಅವರೇ. ಏಕಲವ್ಯನ ಗುರುಭಕ್ತಿಯನ್ನು ತಲೆತಲಾಂತರದಿಂದ ಕೊಂಡಾಡುತ್ತ ಬಂದಿದ್ದೇವೆ. ಆತ ‘ಕೊಡಲಾರೆ’ ಎನ್ನಬಹುದಿತ್ತೇ ಎಂದು ಕೇಳಿದ್ದು ಅಪರೂಪ.

ಓದುಗರೇ, ನಿಮ್ಮ ಮಗ ಅಥವಾ ಮಗಳು ಸಂಜೆ ಆಟದ ಮೈದಾನದಿಂದಲೋ ಸಂಗೀತದ ಪಾಠದಿಂದಲೋ ಮರಳಿದಾಗ ‘ಇಂದು ಏನು ಗೆದ್ದೆ?’ ಎಂದು ಕೇಳುವುದು ಸಹಜ. ಅದರೊಂದಿಗೆ ಇನ್ನೊಂದನ್ನೂ ಕೇಳಿರಿ: ‘ಇಂದು ಯಾವುದಕ್ಕಾದರೂ ಬೇಡ ಎಂದೆಯಾ? ಗುರುಗಳು ಏನೆಂದರು?’