ಉಪಕರಣ ಸಂಯೋಗ ಮತ್ತು ವಿವೇಕ

ದಿಗಂಬರ ಮುನಿಗಳ ಬಳಿ ಇರಬಹುದಾದ ವಸ್ತುಗಳು ಮೂರೇ: ಸಂಯಮಕ್ಕೆ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ. ಇವುಗಳನ್ನು ಪರಿಗ್ರಹವೆನ್ನದೆ ಉಪಕರಣವೆಂದು ಕರೆದಿರುವುದರಲ್ಲಿ ಒಂದು ಸೂಕ್ಷ್ಮವಿದೆ. ಧರ್ಮಸಾಧನೆಗೆ ಉಪಕಾರಿಯಾಗಿರುವವರೆಗೆ ಮಾತ್ರ ವಸ್ತು ಉಪಕರಣ. ಪ್ರಮಾದದಿಂದ ಹಿಡಿದಾಗ ಅದೇ ವಸ್ತು ಅಧಿಕರಣವಾಗುತ್ತದೆ, ಅಂದರೆ ಕರ್ಮದ ಆಸ್ರವಕ್ಕೆ ಆಧಾರವಾಗುತ್ತದೆ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಜೀವ ಅಧಿಕರಣವನ್ನು ನಿರ್ವರ್ತನೆ, ನಿಕ್ಷೇಪ, ಸಂಯೋಗ, ನಿಸರ್ಗ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯು ಇವುಗಳ ಭೇದಗಳನ್ನು ವಿವರಿಸುತ್ತದೆ. ಸಂಯೋಗ ಎರಡು ಬಗೆ: ಅನ್ನಪಾನಗಳನ್ನು ಬೆರೆಸುವುದು, ಉಪಕರಣಗಳನ್ನು ಕೂಡಿಸುವುದು. ನಿಕ್ಷೇಪ ನಾಲ್ಕು ಬಗೆ: ನೋಡದೆ ಇಡುವುದು, ಸರಿಯಾಗಿ ಶೋಧಿಸದೆ ಇಡುವುದು, ಅವಸರದಿಂದ ಇಡುವುದು, ಲಕ್ಷ್ಯವಿಲ್ಲದೆ ಇಡುವುದು. ಒಂದು ಸಾಧನಕ್ಕೆ ಇನ್ನೊಂದು ಸಾಧನವನ್ನು ಜೋಡಿಸುವ ಕ್ರಿಯೆಯನ್ನೂ ನೈತಿಕ ವಿಚಾರಣೆಗೆ ಒಳಪಡಿಸಿದ ಈ ವಿಂಗಡಣೆ ಮುನಿಗಳಿಗಷ್ಟೇ ಸಂಬಂಧಿಸಿದ್ದೆಂದು ಗೃಹಸ್ಥರು ಭಾವಿಸುವುದುಂಟು. ಇಂದಿನ ಗೃಹಸ್ಥನ ದಿನಚರಿಯನ್ನು ಗಮನಿಸಿದರೆ ಈ ಭಾವನೆ ನಿಲ್ಲುವುದಿಲ್ಲ.

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಕವಲು ರೈಲುಮಾರ್ಗದಲ್ಲಿ ಕೋರಮಂಡಲ್ ಒಂದು ಚಿಕ್ಕ ನಿಲ್ದಾಣ. 2001ರ ಫೆಬ್ರುವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದ ಮೇಲೆ ಈ ಭಾಗದ ಸಾವಿರಾರು ಜನರಿಗೆ ಜೀವನೋಪಾಯ ಬೆಂಗಳೂರೇ ಆಯಿತು. ಬೆಳಗಿನ ಕತ್ತಲಲ್ಲಿ ರೈಲು ಹತ್ತಿ ಹೋಗುವುದು, ರಾತ್ರಿ ಮನೆ ಸೇರುವುದು. ಆ ಪ್ರಯಾಣಿಕರಲ್ಲಿ ಗಣಕಯಂತ್ರದ ಕೆಲಸ ಬಲ್ಲ ಒಬ್ಬ ಯುವಕನಿದ್ದಾನೆಂದೂ, ಅವನು ಒಂದು ಬಸದಿಯ ಟ್ರಸ್ಟಿನ ಬರವಣಿಗೆಯನ್ನು ಸೇವಾಭಾವದಿಂದ ನೋಡಿಕೊಳ್ಳುತ್ತಾನೆಂದೂ ಭಾವಿಸೋಣ. ದಾನಿಗಳ ಹೆಸರು, ಹೆಸರು ಹೇಳಬಾರದೆಂದು ಕೋರಿ ಗುಪ್ತದಾನ ಕೊಟ್ಟವರ ವಿವರ, ಯಾವ ಕುಟುಂಬಕ್ಕೆ ಔಷಧೋಪಚಾರದ ನೆರವು ಸಂದಿತು, ಯಾವ ವಿದ್ಯಾರ್ಥಿಯ ಶುಲ್ಕವನ್ನು ಯಾರು ಕಟ್ಟಿದರು ಎಂಬೆಲ್ಲ ಸಂಗತಿಗಳನ್ನು ಅವನು ಟಿಪ್ಪಣಿ ಬರೆಯುವ ಒಂದು ತಂತ್ರಾಂಶದಲ್ಲಿ ಇಟ್ಟಿದ್ದಾನೆ.

ಇಂಥ ತಂತ್ರಾಂಶಗಳಲ್ಲಿ 2020ರಲ್ಲಿ ಹೊರಬಂದ ಅಬ್ಸಿಡಿಯನ್ ಎಂಬುದು ಪ್ರಸಿದ್ಧ. ಬರೆದುದೆಲ್ಲ ಬಳಕೆದಾರನ ಯಂತ್ರದಲ್ಲೇ ಸರಳ ಅಕ್ಷರಕಡತಗಳಾಗಿ ಉಳಿಯುವುದು ಅದರ ಒಳ್ಳೆಯ ಗುಣ. ಆ ಕಡತಗಳ ಕೋಶಕ್ಕೆ ತಯಾರಕರು ಇಟ್ಟ ಹೆಸರು ಭಂಡಾರ ಎಂಬ ಅರ್ಥದ ವಾಲ್ಟ್. ಈ ತಂತ್ರಾಂಶಕ್ಕೆ ಹೊರಗಿನವರು ರಚಿಸಿದ ಪ್ಲಗಿನ್ ಎಂಬ ಉಪಾಂಗಗಳನ್ನು ಜೋಡಿಸಬಹುದು. ದಿನದರ್ಶಿ, ಕೋಷ್ಟಕ, ಚಿತ್ರಲೇಖನ ಮೊದಲಾಗಿ ಎರಡು ಸಾವಿರಕ್ಕೂ ಹೆಚ್ಚು ಪ್ಲಗಿನ್‌ಗಳಿವೆ. ಅವು ಬಹುಮಟ್ಟಿಗೆ ಉಚಿತ. ಇವುಗಳನ್ನು ಒಂದೊಂದಾಗಿ ಹುಡುಕಿ ಒತ್ತುವ ಶ್ರಮವನ್ನು ತಪ್ಪಿಸಲು ಕಮಾಂಡ್ ಲೈನ್ ಸಾಧನಗಳು ಹುಟ್ಟಿಕೊಂಡಿವೆ. ಪರದೆಯ ಮೇಲೆ ಒಂದು ಸಾಲಿನ ಆಜ್ಞೆಯನ್ನು ಟೈಪ್ ಮಾಡಿದರೆ ಸಾಕು, ಸಾಧನವು ಪ್ಲಗಿನ್‌ಗಳನ್ನು ತಂದು ಜೋಡಿಸುತ್ತದೆ, ಹೊಸ ಆವೃತ್ತಿಗೆ ಏರಿಸುತ್ತದೆ, ಸುಮ್ಮನಿರಿಸುತ್ತದೆ, ತೆಗೆದುಹಾಕುತ್ತದೆ, ಇರುವುದನ್ನೆಲ್ಲ ಪಟ್ಟಿ ಮಾಡಿ ತೋರಿಸುತ್ತದೆ. ಉಪಕರಣ, ಉಪಕರಣಕ್ಕೆ ಸೇರಿದ ಉಪಕರಣ, ಆ ಸೇರಿಕೆಯನ್ನು ನಡೆಸುವ ಮತ್ತೊಂದು ಉಪಕರಣ! ಉಪಕರಣ ಸಂಯೋಗಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಇಲ್ಲಿ ವಿಚಾರಿಸಬೇಕಾದ ಪ್ರಶ್ನೆಗಳು ಎರಡು. ತೂಕವಿಲ್ಲದ, ಬೆಲೆಯಿಲ್ಲದ, ಯಾರಿಂದಲೂ ಕಸಿದುಕೊಳ್ಳದ ಇಂಥ ವಸ್ತುವಿನ ಸಂಗ್ರಹವೂ ಪರಿಗ್ರಹವೇ ಎಂಬುದು ಮೊದಲನೆಯದು. ಪರಿಗ್ರಹವನ್ನು ಆಚಾರ್ಯರು ವಸ್ತುವಿನ ತೂಕದಿಂದ ಅಳೆಯಲಿಲ್ಲ, ಮೂರ್ಛೆಯಿಂದ ಅಳೆದರು. ಐವತ್ತು ಪ್ಲಗಿನ್‌ಗಳನ್ನು ಜೋಡಿಸಿಕೊಂಡು, ಅವು ಪರಸ್ಪರ ಹೊಂದದೆ ಕೆಟ್ಟಾಗ ಸರಿಪಡಿಸುತ್ತ ಸಂಜೆಗಳನ್ನು ಕಳೆಯುವವನು ಬರೆಯಬೇಕಾದ ಟಿಪ್ಪಣಿಯನ್ನೇ ಬರೆಯದೆ ಉಳಿದರೆ, ಅಲ್ಲಿ ಮೂರ್ಛೆ ಇದೆ ಎನ್ನಲು ಬೇರೆ ಪ್ರಮಾಣ ಬೇಕಿಲ್ಲ. ಅಗತ್ಯವನ್ನು ಮೀರಿ ಬಳಕೆಯ ವಸ್ತುಗಳನ್ನು ಕೂಡಿಡುವುದನ್ನು ಅನರ್ಥದಂಡವಿರತಿಯ ಅತಿಚಾರಗಳಲ್ಲಿ ಎಣಿಸಿದ್ದಾರೆ. ಉಚಿತವಾಗಿ ದೊರೆಯಿತೆಂಬ ಕಾರಣಕ್ಕೆ ಅನರ್ಥವು ಸಾರ್ಥಕವಾಗುವುದಿಲ್ಲ.

ಎರಡನೆಯ ಪ್ರಶ್ನೆ ಇನ್ನೂ ಗುರುತರವಾದುದು. ಪ್ಲಗಿನ್ ಎಂಬುದು ಪೆಟ್ಟಿಗೆಯ ಮೇಲಿನ ಬಣ್ಣದಂತಲ್ಲ, ಬೀಗದ ಕೈ ಪಡೆದ ಆಳಿನಂತೆ. ತಂತ್ರಾಂಶಕ್ಕೆ ಇರುವ ಅಧಿಕಾರವೆಲ್ಲ ಅದಕ್ಕೂ ಬರುತ್ತದೆ. ಅದು ಯಂತ್ರದ ಕಡತಗಳನ್ನು ಓದಬಲ್ಲದು, ಅಂತರಜಾಲದ ಮೂಲಕ ಹೊರಗೆ ಕಳಿಸಬಲ್ಲದು. ಇದನ್ನು ಅಬ್ಸಿಡಿಯನ್‌ನ ತಯಾರಕರು ಮುಚ್ಚಿಟ್ಟಿಲ್ಲ. ಹೊರಗಿನ ಪ್ಲಗಿನ್‌ಗಳು ಬಳಕೆದಾರನು ತಾನಾಗಿ ಅನುಮತಿ ಕೊಡುವವರೆಗೆ ನಡೆಯದಂತೆ ನಿರ್ಬಂಧವನ್ನೂ ಇಟ್ಟಿದ್ದಾರೆ. ಆದ್ದರಿಂದ ಅನುಮತಿ ಕೊಟ್ಟ ಕ್ಷಣದಿಂದ ಹೊಣೆ ಕೊಟ್ಟವನದು. ತನ್ನ ಸ್ವಂತ ದಿನಚರಿಯಷ್ಟೇ ಅಲ್ಲಿದ್ದರೆ ನಷ್ಟ ಅವನೊಬ್ಬನದು. ಆದರೆ ಮೇಲೆ ಹೇಳಿದ ಯುವಕನ ಭಂಡಾರದಲ್ಲಿ ಇರುವುದು ಪರರ ನಂಬಿಕೆ. ಕಾಯಿಲೆಯನ್ನು ಹೇಳಿಕೊಂಡ ತಾಯಿಯಾಗಲಿ, ಹೆಸರನ್ನು ಅಡಗಿಸಿದ ದಾನಿಯಾಗಲಿ ಆ ಪ್ಲಗಿನ್‌ಗೆ ಅನುಮತಿ ಕೊಟ್ಟವರಲ್ಲ.

ಈ ಭಯ ಕಾಲ್ಪನಿಕವಲ್ಲವೆಂಬುದಕ್ಕೆ 2018ರ ಒಂದು ಘಟನೆ ಸಾಕ್ಷಿ. ಈವೆಂಟ್-ಸ್ಟ್ರೀಮ್ ಎಂಬ ಚಿಕ್ಕ ತಂತ್ರಾಂಶಭಾಗವನ್ನು ವಾರಕ್ಕೆ ಸುಮಾರು 20 ಲಕ್ಷ ಸಲ ಜನ ಇಳಿಸಿಕೊಳ್ಳುತ್ತಿದ್ದರು. ಅದನ್ನು ರಚಿಸಿದವರಿಗೆ ಅದರಲ್ಲಿ ಆಸಕ್ತಿ ಉಳಿದಿರಲಿಲ್ಲ. ನೋಡಿಕೊಳ್ಳುತ್ತೇನೆಂದು ಮುಂದೆ ಬಂದ ಅಪರಿಚಿತನೊಬ್ಬನಿಗೆ ಒಪ್ಪಿಸಿದರು. ಅವನು ಅದಕ್ಕೆ ಇನ್ನೊಂದು ಭಾಗವನ್ನು ಜೋಡಿಸಿದ. ಬಿಟ್‌ಕಾಯಿನ್ ಇಡುವ ಒಂದು ಕೈಚೀಲತಂತ್ರಾಂಶದಿಂದ ಹಣ ಕದಿಯುವ ಸಂಕೇತ ಆ ಹೊಸ ಭಾಗದಲ್ಲಿ ಅಡಗಿತ್ತು. ಮೂಲ ರಚನೆಯಲ್ಲಿ ದೋಷವಿರಲಿಲ್ಲ, ಅದನ್ನು ಬಳಸಿದವರಲ್ಲಿ ದುರುದ್ದೇಶವಿರಲಿಲ್ಲ. ದೋಷ ಬಂದದ್ದು ಸಂಯೋಗದಿಂದ. ಒಳಗೆ ಬಂದದ್ದು, ಹೊಸ ಆವೃತ್ತಿಯನ್ನು ನೋಡದೆ ಸ್ವೀಕರಿಸುವ ಅಭ್ಯಾಸದ ಬಾಗಿಲಿನಿಂದ.

ಹಾಗಾದರೆ ಕಮಾಂಡ್ ಲೈನ್ ಸಾಧನವನ್ನೇ ವರ್ಜಿಸಬೇಕೆ? ಆ ಸಾಧನಕ್ಕೆ ಎರಡು ಮುಖಗಳಿವೆ. ಎಲ್ಲವನ್ನೂ ಒಂದೇ ಸಲಕ್ಕೆ ತಂದು ಜೋಡಿಸು, ಎಲ್ಲವನ್ನೂ ಹೊಸದಾಗಿಸು ಎಂಬ ಆಜ್ಞೆಗಳಲ್ಲಿ ಅವಸರದ ನಿಕ್ಷೇಪ ಸುಲಭವಾಗುತ್ತದೆ. ಒಂದೊಂದಾಗಿ ಒತ್ತುವಾಗ ಇದ್ದ ಕಿಂಚಿತ್ ವಿಳಂಬವೂ ಅಲ್ಲಿಲ್ಲ, ಆ ವಿಳಂಬದಲ್ಲಿ ಹುಟ್ಟಬಹುದಾಗಿದ್ದ ವಿವೇಕವೂ ಇಲ್ಲ. ಆದರೆ ಅದೇ ಸಾಧನ, ಇರುವುದನ್ನೆಲ್ಲ ಹೆಸರು ಮತ್ತು ಆವೃತ್ತಿ ಸಹಿತ ಒಂದೇ ಪುಟದಲ್ಲಿ ಪಟ್ಟಿ ಮಾಡಿ ಕಣ್ಣ ಮುಂದೆ ಇಡುತ್ತದೆ. ಎಷ್ಟೋ ದಿನಗಳ ಹಿಂದೆ ಜೋಡಿಸಿ ಮರೆತದ್ದು ಆಗ ಬೆಳಕಿಗೆ ಬರುತ್ತದೆ. ಮುನಿಗಳು ಪಿಂಛಿಯಿಂದ ಸ್ಥಳವನ್ನು ಶೋಧಿಸಿ ವಸ್ತುವನ್ನು ಎತ್ತುವ, ಇಡುವ ಆದಾನನಿಕ್ಷೇಪಣ ಸಮಿತಿಯಲ್ಲಿ ಪಿಂಛಿ ಮಾಡುವ ಕೆಲಸವನ್ನೇ ಇಲ್ಲಿ ಪಟ್ಟಿ ಮಾಡಬಲ್ಲದು. ಆದರೆ ಪಿಂಛಿಯನ್ನು ಕೈಯಲ್ಲಿ ಹಿಡಿದ ಮಾತ್ರಕ್ಕೆ ಸಮಿತಿ ಪಾಲಿಸಿದಂತಾಗುವುದಿಲ್ಲ, ನೋಡುವ ಕಣ್ಣು ಬೇಕು.

ಸಾಮಾನ್ಯನೊಬ್ಬ ಪ್ರತಿಯೊಂದು ಪ್ಲಗಿನ್‌ನ ಸಂಕೇತವನ್ನು ಓದಿ ಪರೀಕ್ಷಿಸಬಲ್ಲನೆ ಎಂಬ ಆಕ್ಷೇಪ ಬರಬಹುದು. ಆಕ್ಷೇಪ ನ್ಯಾಯವಾದುದೇ. ಹೊಸ ಆವೃತ್ತಿಗಳನ್ನೆಲ್ಲ ಕೈಯಾರೆ ಪರೀಕ್ಷಿಸುವುದು ತಮಗೂ ಸಾಧ್ಯವಿಲ್ಲವೆಂದು ತಯಾರಕರೇ ಹೇಳಿದ್ದಾರೆ. ಆದರೆ ಪೂರ್ಣವಾಗಿ ನೋಡಲಾಗದು ಎಂಬುದು ನೋಡದಿರಲು ಕಾರಣವಾಗಲಾರದು, ಕಡಿಮೆ ಇಟ್ಟುಕೊಳ್ಳಲು ಕಾರಣವಾಗಬೇಕು. ಗೃಹಸ್ಥನಿಗೆ ವಿಧಿಸಿರುವುದು ಮಹಾವ್ರತವಲ್ಲ, ಪರಿಮಾಣವ್ರತ. ಪ್ಲಗಿನ್‌ಗಳು ಇಷ್ಟೇ ಎಂದು ಮಿತಿ ಇಟ್ಟುಕೊಳ್ಳುವುದು, ಹೊಸದೊಂದನ್ನು ಸೇರಿಸುವ ಮುನ್ನ ಅದರ ಕರ್ತೃ ಯಾರು, ಯಾವ ಕೆಲಸಕ್ಕೆ ಬೇಕು ಎಂದು ವಿಚಾರಿಸುವುದು, ಬೇರೆ ಯಂತ್ರದಲ್ಲಿ ಪ್ರಯೋಗಿಸಿ ನೋಡುವುದು, ಪರರ ವಿಷಯಗಳಿರುವ ಭಂಡಾರಕ್ಕೆ ಯಾವ ಪ್ಲಗಿನ್ನೂ ಇಲ್ಲದಿರುವುದೇ ಲೇಸೆಂದು ತಿಳಿಯುವುದು, ಇಷ್ಟನ್ನು ಯಾರೂ ಮಾಡಬಹುದು.

ತೆಗೆದುಹಾಕುವುದರಲ್ಲಿಯೂ ವಿವೇಕ ಬೇಕು. ಸುಮ್ಮನಿರಿಸು ಎಂಬ ಆಜ್ಞೆಗೂ ತೆಗೆದುಹಾಕು ಎಂಬ ಆಜ್ಞೆಗೂ ಇರುವ ಅಂತರ, ಕರ್ಮದ ಉಪಶಮಕ್ಕೂ ಕ್ಷಯಕ್ಕೂ ಇರುವ ಅಂತರದಂತೆ. ಮೊದಲನೆಯದರಲ್ಲಿ ಕೆಸರು ತಳದಲ್ಲಿ ನಿಂತಿರುತ್ತದಷ್ಟೆ, ಕಲಕಿದರೆ ಮತ್ತೆ ಮೇಲೇಳುತ್ತದೆ. ಹೊರಗೆ ಹೋಗಿಬಿಟ್ಟ ಮಾಹಿತಿಯನ್ನಾದರೋ ಯಾವ ಆಜ್ಞೆಯೂ ಹಿಂದಕ್ಕೆ ತರಲಾರದು. ನೋಡದೆ ಇಟ್ಟುದರ ಫಲವನ್ನು ಇಟ್ಟವನೇ ಉಣ್ಣಬೇಕೆಂದಿಲ್ಲ ಎಂಬುದಕ್ಕೆ ಕೋರಮಂಡಲ್‌ನವರು ದೂರದ ನಿದರ್ಶನ ಹುಡುಕಬೇಕಾಗಿಲ್ಲ. ಒಂದು ಶತಮಾನಕ್ಕೂ ಹೆಚ್ಚು ಕಾಲ ಅದಿರಿನಿಂದ ಚಿನ್ನ ತೆಗೆದು ರಾಶಿ ಹಾಕಿದ ಪುಡಿ ಸಯನೈಡ್ ದಿಬ್ಬಗಳಾಗಿ ಇನ್ನೂ ನಿಂತಿದೆ, ಅದರ ತೂಕ ಮೂರು ಕೋಟಿ ಟನ್ನಿಗೂ ಮಿಕ್ಕಿದ್ದು. ಚಿನ್ನ ಒಯ್ದವರು ಹೋದರು. ಗಾಳಿ ಬೀಸಿದಾಗ ಆ ಧೂಳನ್ನು ಉಸಿರಾಡುವವರು ಅಲ್ಲೇ ಉಳಿದವರು.

ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲ ಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ಉಳಿದುವು. ಓಲೆಗೆ ಬೇಕಾಗಿದ್ದ ಉಪಕರಣಗಳು ಎರಡು ಹಲಗೆ, ಒಂದು ದಾರ, ಒಂದು ಬಟ್ಟೆ ಇಷ್ಟೇ. ದಾರ ಜೀರ್ಣವಾದರೆ ಬೇರೆ ದಾರ ಬಂದೀತು, ಅಕ್ಷರಕ್ಕೆ ಕುಂದಿಲ್ಲ. ಸರಳ ಅಕ್ಷರಕಡತಗಳ ಹಿರಿಮೆಯೂ ಅದೇ: ಪ್ಲಗಿನ್‌ಗಳೆಲ್ಲ ಹೋದರೂ ಬರಹ ಉಳಿಯುತ್ತದೆ. ಜ್ಯೇಷ್ಠ ಶುದ್ಧ ಪಂಚಮಿಯಂದು, ಶ್ರುತಪಂಚಮಿಯ ದಿನ, ಶಾಸ್ತ್ರಭಂಡಾರದ ಗ್ರಂಥಗಳನ್ನು ಹೊರತೆಗೆದು ಧೂಳು ಕೊಡವಿ, ಹೊಸ ಬಟ್ಟೆ ಸುತ್ತಿ ಇಡುವ ಸಂಪ್ರದಾಯವಿದೆ. ಟ್ರಸ್ಟಿನ ಲೆಕ್ಕಪತ್ರವನ್ನು ಗಣಕಯಂತ್ರದಲ್ಲಿ ಇಡುವವರು ಅದೇ ದಿನ ಆ ಒಂದು ಸಾಲಿನ ಆಜ್ಞೆಯನ್ನು ಟೈಪ್ ಮಾಡಿ, ಬಂದ ಪಟ್ಟಿಯನ್ನು ಟ್ರಸ್ಟಿನ ಹಿರಿಯರೊಬ್ಬರ ಮುಂದೆ ಗಟ್ಟಿಯಾಗಿ ಓದಲಿ. ಪ್ರತಿ ಹೆಸರಿಗೂ ಇದು ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಹೇಳಲಿ. ಉತ್ತರವಿಲ್ಲದ್ದನ್ನು ಆ ದಿನವೇ ತೆಗೆದುಹಾಕಲಿ.