ಇಂದಿನ ಧಮ್ಮ ಚಿಂತನೆ: ಮಂಗ ಕದಿಯುತ್ತದೆಯೇ?



ಧಮ್ಮ ಬಂಧುಗಳೇ, ಹೋದ ಭಾನುವಾರ ನಮ್ಮ ಅಧ್ಯಯನ ಕೂಟದಲ್ಲಿ ಪಂಚಶೀಲದ ಎರಡನೆಯ ಶೀಲದ ಬಗ್ಗೆ ಮಾತು ನಡೆದಿತ್ತು. ಕೊಡದೇ ಇದ್ದದ್ದನ್ನು ತೆಗೆದುಕೊಳ್ಳಬಾರದು ಎಂಬ ಶೀಲ. ಏಳನೇ ಕ್ಲಾಸಿನ ಒಬ್ಬ ಹುಡುಗಿ ಎದ್ದು, "ಸರ್, ನಮ್ಮನೆ ಬಾಳೆಗೊನೆ ಮಂಗ ಕಿತ್ಕೊಂಡು ಹೋಯ್ತಲ್ಲ, ಅದು ಕಳ್ಳತನ ಅಲ್ವಾ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕು, "ಮಂಗಕ್ಕೆ ಶೀಲ ಇಲ್ಲಮ್ಮ, ಕೂತ್ಕೋ" ಎಂದೆ. ಸಂಜೆ ಮನೆಗೆ ನಡೆಯುವಾಗ ಅನ್ನಿಸಿತು, ಮೇಷ್ಟ್ರಾಗಿ ಇಪ್ಪತ್ತು ವರ್ಷ ಕಳೆದ ಮೇಲೂ ಮಗುವಿನ ಪ್ರಶ್ನೆಗೆ ನಾನು ಕೊಟ್ಟದ್ದು ಉತ್ತರವಲ್ಲ, ತಪ್ಪಿಸಿಕೊಳ್ಳುವ ದಾರಿ.

ಮೇಗುಂದದ ಕಡೆ ಈಗ ಇಬ್ಬರು ಸೇರಿದರೆ ಮೊದಲು ಬರುವ ಮಾತು ಮಂಗನ ಕಾಟ. ಎಳೆ ಅಡಿಕೆ ಚೀಪಿ ಎಸೆಯುತ್ತವೆ, ಎಳನೀರು ಉರುಳಿಸುತ್ತವೆ, ಏಲಕ್ಕಿ ಬಿಡುವುದಿಲ್ಲ, ಹೆಂಚು ಸರಿಸಿ ಅಡಿಗೆಮನೆಗೂ ಇಳಿಯುತ್ತವೆ. ನಾನು ಹುಡುಗನಾಗಿದ್ದಾಗ ಇವೇ ಮಂಗಗಳು ಅತ್ತಿ, ಬಸರಿ, ನೇರಳೆ, ಹೆಬ್ಬಲಸು, ಚಿಗುರು, ಹುಳಹುಪ್ಪಟೆ ತಿಂದುಕೊಂಡು ಗುಡ್ಡದಲ್ಲಿ ಇರುತ್ತಿದ್ದವು. ತೋಟಕ್ಕೆ ಬರುತ್ತಲೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ತೋಟವೇ ಅವುಗಳ ಊಟದ ಮನೆಯಾಗಿರಲಿಲ್ಲ.

ಆಮೇಲೆ ಗುಡ್ಡ ಬದಲಾಯಿತು. ಮಲೆನಾಡಿನ ಎಷ್ಟೋ ಗುಡ್ಡಗಳಲ್ಲಿ ಕಾಗದದ ಕಾರ್ಖಾನೆಗೆಂದು ಅಕೇಶಿಯಾ, ನೀಲಗಿರಿ ಬೆಳೆಸಿದರು. ದೂರದಿಂದ ನೋಡಿದರೆ ಅದೂ ಹಸಿರೇ. ಒಳಗೆ ಹೋದರೆ ಒಂದು ರಸದ ಹಣ್ಣಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಅವರ ಸಂಗಡಿಗರು ಮೈಸೂರು ಸುತ್ತಿನ ರಸ್ತೆಗಳಲ್ಲಿ ವರ್ಷಾನುಗಟ್ಟಲೆ ಮಂಗಗಳನ್ನು ಎಣಿಸಿದವರು. ಸಾಲುಮರಗಳಾದ ಆಲ, ಅತ್ತಿ ಜಾತಿಯ ಮರಗಳು ಹೋದಂತೆ ಅಲ್ಲಿನ ಮಂಗಗಳೂ ಕಡಿಮೆಯಾದದ್ದನ್ನು ಅವರು ದಾಖಲಿಸಿದ್ದಾರೆ. ಊರಲ್ಲಿ ಮಂಗ ಹೆಚ್ಚಾಯಿತು ಎಂದು ನಾವು ಹೇಳುತ್ತಿರುವ ಹೊತ್ತಿಗೇ, ಈ ಕೆಂಪುಮೂತಿಯ ಮಂಗವನ್ನು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಪಾಯಕ್ಕೀಡಾಗಬಲ್ಲ ಜಾತಿ ಎಂದು ಸೇರಿಸಲಾಗಿದೆ. ಎರಡೂ ನಿಜವಿರಬಹುದು. ನಮ್ಮ ಕಣ್ಣಿಗೆ ಬೀಳುವುದು ಹೆಚ್ಚಾಗಿದೆ, ಅಷ್ಟೆ.

ಈ ಮಂಗ ಏನು ಸಿಕ್ಕರೂ ತಿಂದು ಬದುಕಬಲ್ಲದು. ಕೆನ್ನೆಯೊಳಗೇ ಚೀಲವಿದೆ. ಬೆದರಿಸುವುದರೊಳಗೆ ಬಾಚಿ ತುಂಬಿಕೊಂಡು ಓಡಿ, ಮರದ ಮೇಲೆ ನಿಧಾನವಾಗಿ ಅಗಿಯುತ್ತದೆ. ಕರಿಮೂತಿಯ ಮುಸಿಯದ ಕಥೆ ಬೇರೆ. ಅದರ ಹೊಟ್ಟೆಯಲ್ಲಿ ಕೋಣೆಗಳಿದ್ದು, ಅಲ್ಲಿನ ಸೂಕ್ಷ್ಮಜೀವಿಗಳು ಎಲೆಯನ್ನು ಹುಳಿ ಬರಿಸಿ ಅರಗಿಸುತ್ತವೆ. ಅಂಥ ಹೊಟ್ಟೆಗೂ ನಾವು ಬನ್ನು ಎಸೆಯುತ್ತೇವೆ. ದಟ್ಟ ಕಾಡು ಬಿಟ್ಟು ಇಳಿಯದ ಸಿಂಗಳೀಕ ಕೂಡ ತಮಿಳುನಾಡಿನ ವಾಲ್ಪಾರೈಯಲ್ಲಿ, ಚಹಾ ಕಾಫಿ ತೋಟಗಳ ನಡುವೆ ಉಳಿದ ತುಂಡು ಕಾಡಿನಲ್ಲಿ ಸಿಕ್ಕಿಬಿದ್ದು, ನೆಲಕ್ಕಿಳಿದು ಮನೆಗಳ ಅಡಿಗೆ ತಿನ್ನಲು ಕಲಿತಿದೆ. ಆಗುಂಬೆ ಘಾಟಿಯಲ್ಲಿ ಕಾರು ನಿಲ್ಲಿಸಿ ಹನುಮಂತನೆಂದು ಕೈಮುಗಿದು ಬಿಸ್ಕತ್ತು ಕೊಡುವವರನ್ನು ನೋಡಿರುತ್ತೀರಿ. ಅವರಲ್ಲೇ ಕೆಲವರು ತೋಟಕ್ಕೆ ಹೋದಮೇಲೆ ಕೋವಿ ಹುಡುಕುತ್ತಾರೆ.

ನನ್ನ ಅವ್ವ ಬೇರೆಯವರ ತೋಟದಲ್ಲಿ ಮಂಗ ಕಾಯುವ ಕೆಲಸ ಮಾಡಿದವಳು. ತಗಡಿನ ಡಬ್ಬ ಬಡಿಯುತ್ತ ಬೆಳಗಿನಿಂದ ಸಂಜೆವರೆಗೆ. ಒಂದು ದಿನ ಊಟಕ್ಕೆ ಕೂತಾಗ ಎರಡು ಗೊನೆ ಹೋದವು. ಆ ವಾರದ ಕೂಲಿಯಲ್ಲಿ ಮುರಿದುಕೊಂಡರು. ಅವ್ವ ಮಂಗಕ್ಕೆ ಶಾಪ ಹಾಕಲಿಲ್ಲ. "ಅದ್ಕೂ ಹಸಿವು, ನಂಗೂ ಹಸಿವು, ಮಧ್ಯ ನಾನ್ ಯಾಕೆ ಕಾಯ್ಬೇಕೋ" ಎಂದಳು. ಈ ಮಾತು ನನಗೆ ಅರ್ಥವಾಗಲು ಎಂ.ಎ. ಮುಗಿದು ದೀಘನಿಕಾಯದ ಚಕ್ಕವತ್ತಿ ಸೀಹನಾದ ಸುತ್ತ ಓದಬೇಕಾಯಿತು. ರಾಜ ಇಲ್ಲದವರಿಗೆ ಕೊಡಲಿಲ್ಲ, ಬಡತನ ಹೆಚ್ಚಿತು, ಬಡತನದಿಂದ ಕಳ್ಳತನ, ಕಳ್ಳತನದಿಂದ ಆಯುಧ, ಆಯುಧದಿಂದ ಕೊಲೆ ಎಂದು ಬುದ್ಧರು ಅಲ್ಲಿ ವಿವರಿಸುತ್ತಾರೆ. ಕಥೆ ಶುರುವಾಗುವುದು ಕದ್ದವನಿಂದಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ನಮ್ಮ ಜನರನ್ನು ಪ್ರಾಣಿಗೆ ಹೋಲಿಸಿ ಅವಮಾನಿಸಿದವರು ಬಹಳ ಮಂದಿ, ಆ ಹೋಲಿಕೆ ನಾನು ಮಾಡುತ್ತಿಲ್ಲ. ನಾನು ಹೇಳುತ್ತಿರುವುದು ದೂರುವವರ ಧಾಟಿಯ ಬಗ್ಗೆ. ಬಾಬಾಸಾಹೇಬರು 1948ರ ಅಸ್ಪೃಶ್ಯರ ಕುರಿತ ತಮ್ಮ ಗ್ರಂಥದಲ್ಲಿ ತೋರಿಸಿದ್ದು ಏನು? ಊರ ಹೊರಗೆ ನಿಲ್ಲಿಸಿದರು, ಅಲ್ಲಿ ಸಿಕ್ಕಿದ್ದು ಸತ್ತ ದನದ ಮಾಂಸ, ಅದನ್ನು ತಿಂದರೆಂದು ಅಸ್ಪೃಶ್ಯರೆಂದರು. ಬದುಕುವ ಜಾಗವನ್ನು ಕಿತ್ತುಕೊಂಡವರೇ ಆಮೇಲೆ ತಟ್ಟೆಯನ್ನು ನೋಡಿ ಗುಣ ಹೇಳುತ್ತಾರೆ. ಮಂಗಕ್ಕೂ ಮನುಷ್ಯನಿಗೂ ಇರುವ ವ್ಯತ್ಯಾಸ 1927ರ ಮಹಾಡಿನಲ್ಲಿದೆ. ಮಂಗ ಸಿಕ್ಕಿದ್ದಕ್ಕೆ ಹೊಂದಿಕೊಳ್ಳುತ್ತದೆ. ನಮ್ಮವರು ಸತ್ತ ದನದ ಮಾಂಸ ಇನ್ನು ಮುಟ್ಟುವುದಿಲ್ಲ ಎಂದು ಕೂತು ಯೋಚಿಸಿ ನಿರ್ಧರಿಸಿದರು.

ಹಾಗಾದರೆ ತೋಟದವನು ಏನು ಮಾಡಬೇಕು? ಹತ್ತು ಗುಂಟೆ ಇರುವವನ ನಷ್ಟ ಸುಳ್ಳಲ್ಲ. ಅಹಿಂಸೆಯ ವಿಷಯದಲ್ಲಿ ಬಾಬಾಸಾಹೇಬರು ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎಂದು ಬಿಡಿಸಿ ಹೇಳಿದ್ದಾರೆ. 2021ರ ಜುಲೈನಲ್ಲಿ ಹಾಸನ ಜಿಲ್ಲೆಯ ಚೌಡನಹಳ್ಳಿ ಬಳಿ ರಸ್ತೆ ಬದಿಯ ಚೀಲಗಳಲ್ಲಿ 38 ಮಂಗಗಳ ಹೆಣ ಸಿಕ್ಕಿದ ಸುದ್ದಿ ಓದಿದಾಗ, ಅದು ಇಚ್ಛೆ ಎಂದು ತೀರ್ಪು ಕೊಡುವುದು ನನಗೆ ಸುಲಭವಾಗಿತ್ತು. ಕಷ್ಟವಾದದ್ದು ಹೋದ ವರ್ಷ. ನಮ್ಮ ಹಿತ್ತಲಿನಲ್ಲಿ ನಾನೇ ಕವಣೆ ಬೀಸಿದೆ. ಮಂಗಗಳು ಆಗಲೇ ಗೊನೆ ಬಿಟ್ಟು ಬೇಲಿ ದಾಟಿದ್ದವು. ಆದರೂ ಬೀಸಿದೆ. ಕಲ್ಲು ಮರಿ ಹೊತ್ತಿದ್ದ ಒಂದರ ಭುಜಕ್ಕೆ ತಾಗಿತು. ಅದು ಕೂಗಲಿಲ್ಲ, ಮರಿಯನ್ನು ಇನ್ನೊಂದು ಬದಿಗೆ ಬದಲಾಯಿಸಿಕೊಂಡು ಹೋಯಿತು. ಓಡಿಸುವ ಅಗತ್ಯ ಬೇಲಿಯಲ್ಲೇ ಮುಗಿದಿತ್ತು. ಆ ಕಲ್ಲು ಯಾವುದರದ್ದು ಎಂದು ನನಗೆ ಗೊತ್ತಿದೆ.

ಬರುವ ಭಾನುವಾರ ಆ ಹುಡುಗಿಗೆ ಇದನ್ನೆಲ್ಲ ಹೇಳಬೇಕು, ಕವಣೆಯ ವಿಷಯವನ್ನೂ. ಈಗ ಗೊನೆಗಳಿಗೆ ಗೋಣಿಚೀಲ ಕಟ್ಟುತ್ತಿದ್ದೇನೆ. ಈ ಸಲ ಮೂರರಲ್ಲಿ ಒಂದು ಉಳಿದಿದೆ.

ಜೈ ಭೀಮ್.